ತೂಕ ನೋಡೋ ಡಾಕ್ಟ್ರು ನಿದ್ದೆನೂ ಒಂಚೂರು ಕೇಳ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಅರವತ್ತು ದಾಟಿದವರು ತೂಕ ಇಳಿಸೋದು ಹೇಗೆ ಅಂತ ಅರ್ಧ ಪುಟ ಬಂದಿತ್ತಲ್ಲ, ಅದನ್ನ ಓದಿ ಇದನ್ನ ಬರೀತಿದೀನಿ. ರಾತ್ರಿ ಅನ್ನ ಬಿಡಿ, ಸಕ್ಕರೆ ಬಿಡಿ, ಕರಿದಿದ್ದು ಮುಟ್ಟಬೇಡಿ, ಬೆಳಿಗ್ಗೆ ನಲವತ್ತು ನಿಮಿಷ ನಡೀರಿ, ಮೆಂತ್ಯ ನೆನೆಸಿದ ನೀರು ಕುಡೀರಿ, ಎಲ್ಲಾ ಇತ್ತು. ನಿದ್ದೆ ಅನ್ನೋ ಪದ ಮಾತ್ರ ಒಂದೇ ಒಂದು ಕಡೆನೂ ಇರ್ಲಿಲ್ಲ. ಪೆನ್ಸಿಲ್ ಹಿಡ್ಕೊಂಡು ಎರಡು ಸಲ ಹುಡುಕಿದೆ. ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಲೆಕ್ಕ ಕಲಿಸಿದವನು ನಾನು, ಹುಡುಗರು ಮಧ್ಯದಲ್ಲಿ ಹಾರಿಸಿಬಿಟ್ಟ ಸ್ಟೆಪ್ ಯಾವುದು ಅಂತ ಹುಡುಕೋದೇ ಚಟ ಆಗ್ಬಿಟ್ಟಿದೆ, ಬೇಜಾರು ಮಾಡ್ಕೋಬೇಡಿ.

ನನ್ನ ಕಥೆನೇ ಹೇಳ್ತೀನಿ. ರಿಟೈರ್ ಆದಾಗ 68 ಕೆ.ಜಿ. ಇದ್ದೆ, ಎಂಟು ವರ್ಷದಲ್ಲಿ 79ಕ್ಕೆ ಬಂದೆ. ಎತ್ತರ ಸರ್ವಿಸ್ ಬುಕ್ಕಲ್ಲಿ ಐದಡಿ ಆರಿಂಚು ಅಂತ ಇದೆ, ಈಗ ಅಳೆದ್ರೆ 165 ಸೆಂ.ಮೀ. ಅಷ್ಟೇ, ವಯಸ್ಸಾದ ಹಾಗೆ ಬೆನ್ನುಮೂಳೆ ಕುಗ್ಗುತ್ತೆ ನೋಡಿ, ಹಂಗಾಗಿ ತೂಕ ಒಂದು ಗ್ರಾಂ ಏರದೇ ಇದ್ರೂ ಬಿಎಂಐ (ಕೆ.ಜಿ. ತೂಕನ ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ರೆ ಬರೋ ಅಂಕಿ) ತಾನಾಗೇ ಸ್ವಲ್ಪ ಏರ್ಬಿಡುತ್ತೆ, ಇದನ್ನೂ ಯಾರೂ ಹೇಳಲ್ಲ. ಇರ್ಲಿ. 79ನ್ನ 1.65ರ ವರ್ಗದಿಂದ ಭಾಗಿಸಿ, 29 ಬರುತ್ತೆ. ನಮ್ಮ ದೇಶದವರಿಗೆ 23 ದಾಟಿದ್ರೆ ತೂಕ ಜಾಸ್ತಿ, 25ಕ್ಕೆ ಬೊಜ್ಜು ಅಂತ 2009ರಿಂದನೇ ಡಾಕ್ಟ್ರುಗಳ ಲೆಕ್ಕ ಇದೆ, ಬೇರೆ ದೇಶದವರ ಹಾಗೆ 30ರವರೆಗೆ ಕಾಯೋ ಹಾಗಿಲ್ಲ. ಸೊಂಟದ ಸುತ್ತಳತೆಗೆ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ನಂದು 98.

ಎಲ್ರೂ ಹೇಳಿದ್ದನ್ನ ಮಾಡಿದೆ ಸ್ವಾಮಿ. ರಾತ್ರಿ ಅನ್ನ ಬಿಟ್ಟೆ, ಏಳೂವರೆಗೆ ಒಂದೂವರೆ ರೊಟ್ಟಿ, ಪಲ್ಯ, ಒಂದು ಲೋಟ ಮಜ್ಜಿಗೆ, ಮುಗೀತು. ಬೆಳಿಗ್ಗೆ ಐದಕ್ಕೆ ಎದ್ದು ಸ್ಕೂಲ್ ಫೀಲ್ಡಲ್ಲಿ ಐದು ರೌಂಡು. ಒಂದು ತಿಂಗಳು, ಎರಡು ತಿಂಗಳು, ಮುಳ್ಳು ಅಲ್ಲಾಡ್ಲಿಲ್ಲ. ವಾಕಿಂಗ್ ಗೆಳೆಯರು ನಗೋರು, ಮೇಷ್ಟ್ರು ಮನೇಲಿ ಒಂದು ಹೇಳ್ತಾರೆ ಹೋಟೆಲಲ್ಲಿ ಒಂದು ತಿಂತಾರೆ ಅಂತ.

ಹೋಟೆಲಲ್ಲಿ ಅಲ್ಲ, ಅಡುಗೆಮನೇಲಿ. ರಾತ್ರಿ ಎರಡೂವರೆಗೆ.

ನಡೀತಿದ್ದದ್ದು ಇಷ್ಟು. ಹತ್ತಕ್ಕೆ ಮಲಗೋದು, ಹನ್ನೊಂದೂವರೆಗೆ ಮೂತ್ರಕ್ಕೆ ಎಚ್ಚರ, ಒಂದಕ್ಕೆ ಮತ್ತೆ, ಎರಡೂವರೆಗೆ ಮತ್ತೆ. ಎರಡೂವರೆಗೆ ಎದ್ದವನಿಗೆ ನಿದ್ದೆ ಹತ್ತಲ್ಲ. ಹಾಸಿಗೆ ಮೇಲೆ ಕೂತು ಫ್ಯಾನ್ ನೋಡೋದು, ಹೊಟ್ಟೆ ಚುರ್ ಅನ್ನೋದು, ಆಮೇಲೆ ಲೈಟ್ ಹಾಕದೇ ಮೆಲ್ಲಗೆ ಅಡುಗೆಮನೆಗೆ ಹೋಗೋದು. ಶೆಲ್ಫಲ್ಲಿ ಎರಡು ಸ್ಟೀಲ್ ಡಬ್ಬಿ, ಒಂದ್ರಲ್ಲಿ ಖಾರ ಮಂಡಕ್ಕಿ, ಇನ್ನೊಂದ್ರಲ್ಲಿ ನಿಪ್ಪಟ್ಟು. ಮಂಡಕ್ಕಿ ಡಬ್ಬಿ ಮುಚ್ಚಳ ಬಿಗಿ, ತೆಗೆದ್ರೆ ಟಣ್ ಅಂತ ಮನೆಗೆಲ್ಲಾ ಕೇಳುತ್ತೆ, ಅದಕ್ಕೆ ಪಂಚೆ ತುದಿ ಸುತ್ತಿ ತೆಗೀತಿದ್ದೆ, ನೋಡಿ ಎಂಥ ಬುದ್ಧಿ. ಕತ್ತಲಲ್ಲಿ ನಿಂತ್ಕೊಂಡು ನಾಲ್ಕು ಮುಷ್ಟಿ ಮಂಡಕ್ಕಿ, ಎರಡು ನಿಪ್ಪಟ್ಟು, ಒಂದು ತುಂಡು ಬೆಲ್ಲ. ಬೆಳಿಗ್ಗೆ ಅದು ನೆನಪಲ್ಲೇ ಇರ್ತಿರ್ಲಿಲ್ಲ, ನಿಜವಾಗ್ಲೂ. ಸೊಸೆ ಒಂದಿನ ಬಲು ಸಂಕೋಚದಿಂದ "ಮಾವ, ಇಲಿ ಏನಾದ್ರೂ ಸೇರ್ಕೊಂಡಿದ್ಯಾ ನೋಡ್ಬೇಕಿತ್ತು, ಡಬ್ಬಿ ವಾರಕ್ಕೊಂದ್ಸಲ ಖಾಲಿ ಆಗ್ತಿದೆ" ಅಂದ್ಳು. ಅವಳಿಗೆ ಗೊತ್ತಿತ್ತು ಇಲಿ ಎಷ್ಟು ದೊಡ್ಡದು ಅಂತ.

ಇದೆಲ್ಲಾ ಆಗ್ತಿದ್ರೂ ನಾನು ಡಾಕ್ಟ್ರ ಹತ್ರ ಹೇಳ್ತಿದ್ದದ್ದೇನು? ನಿದ್ದೆ ಚೆನ್ನಾಗಿದೆ ಸರ್, ಏಳು ಗಂಟೆ. ಹತ್ತರಿಂದ ಐದು, ಏಳು ತಾನೇ? ಸುಳ್ಳು ಹೇಳಿದ್ದಲ್ಲ, ಹಾಸಿಗೆ ಮೇಲೆ ಇದ್ದ ಹೊತ್ತನ್ನೇ ನಿದ್ದೆ ಅಂದ್ಕೊಂಡಿದ್ದೆ. ಹೋದ ವರ್ಷ ಸಂಕ್ರಾಂತಿಗೆ ಮಗ ಕೈಗೆ ಕಟ್ಟೋ ಒಂದು ವಾಚ್ ತಂದುಕೊಟ್ಟ, ಹೆಜ್ಜೆ ಎಣಿಸೋಕೆ. ಅದು ನಿದ್ದೆನೂ ಎಣಿಸುತ್ತೆ ಅಂತ ಮೊಮ್ಮಗಳು ತೋರಿಸಿದ್ಳು. ಹದಿನೈದು ದಿನ ನೋಟ್‌ಬುಕ್ಕಲ್ಲಿ ಬರೆದು ಸರಾಸರಿ ತೆಗೆದೆ, 4 ಗಂಟೆ 50 ನಿಮಿಷ. ವಾಚ್ ಕೆಟ್ಟಿರಬೇಕು ಅಂತ ಜಗಳ ಆಡಿದೆ. ಆದ್ರೆ ಈ ವಾಚುಗಳು ತಪ್ಪೋದಾದ್ರೆ ಹೆಚ್ಚಾಗಿ ನಿದ್ದೆ ಜಾಸ್ತಿ ತೋರಿಸೋ ಕಡೆಗೇ ತಪ್ಪೋದು, ಎಚ್ಚರ ಇದ್ದು ಅಲ್ಲಾಡದೇ ಬಿದ್ಕೊಂಡಿದ್ರೂ ನಿದ್ದೆ ಅಂತ ಬರ್ಕೊಂಡುಬಿಡುತ್ತೆ, ಅಂದ್ರೆ ಅಸಲು ನಿದ್ದೆ ಇನ್ನೂ ಕಮ್ಮಿನೇ ಇದ್ದಿರಬಹುದು.

ನನ್ನ ಹಳೇ ಸ್ಟೂಡೆಂಟ್ ಒಬ್ಬ ಈಗ ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡ್ತಾನೆ, ಅವನಿಗೆ ಫೋನ್ ಮಾಡಿ ಕೇಳಿದೆ, ಏನಪ್ಪಾ ಇದಕ್ಕೂ ತೂಕಕ್ಕೂ ಏನಾದ್ರೂ ಸಂಬಂಧ ಇದ್ಯಾ ಅಂತ. "ಸಾರ್, ನೀವೇ ಓದಿ, ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಬರುತ್ತೆ" ಅಂತ ಒಂದಷ್ಟು ಕಳಿಸಿದ. ಅದ್ರಲ್ಲಿ ನನ್ನ ಎದೆಗೆ ನಾಟಿದ್ದು 2008ರಲ್ಲಿ ಅಮೆರಿಕದಲ್ಲಿ ಬಂದ ಒಂದು ಅಧ್ಯಯನ. 67ರಿಂದ 99 ವರ್ಷದ 3,055 ಗಂಡಸರು, 3,052 ಹೆಂಗಸರು. ಎಷ್ಟು ಹೊತ್ತು ಮಲಗ್ತೀರಿ ಅಂತ ಬಾಯಲ್ಲಿ ಕೇಳಿ ಬಿಟ್ಟಿಲ್ಲ (ಕೇಳಿದ್ರೆ ಎಲ್ರೂ ನನ್ನ ಹಾಗೇ ಏಳು ಅಂತಾರೆ), ಮಣಿಕಟ್ಟಿಗೆ ವಾಚಿನ ಥರದ ಒಂದು ಸಾಧನ ಕಟ್ಟಿ ರಾತ್ರಿಗಳ ಅಲುಗಾಟನೇ ಅಳೆದ್ರು. ಏಳೆಂಟು ಗಂಟೆ ಮಲಗೋರಿಗೆ ಹೋಲಿಸಿದ್ರೆ ಐದು ಗಂಟೆಗಿಂತ ಕಮ್ಮಿ ಮಲಗೋ ಗಂಡಸರ ಬಿಎಂಐ ಸರಾಸರಿ 2.5 ಜಾಸ್ತಿ, ಹೆಂಗಸರದ್ದು 1.8 ಜಾಸ್ತಿ. ನನ್ನ ಎತ್ತರದವನಿಗೆ 2.5 ಅಂದ್ರೆ ಹತ್ತಿರ ಹತ್ತಿರ ಏಳು ಕೆ.ಜಿ. ಕಣ್ರೀ! ಏಳು ಕೆ.ಜಿ. ಅಂದ್ರೆ ತುಂಬಿದ ಬಕೆಟ್ಟಿನ ಅರ್ಧ ನೀರು, ಅದನ್ನ ಹೊಟ್ಟೆಗೆ ಕಟ್ಕೊಂಡು ಮೆಟ್ಟಿಲು ಹತ್ತಿ ನೋಡಿ. ಬೊಜ್ಜಿನ ಸಾಧ್ಯತೆ ಗಂಡಸರಲ್ಲಿ 3.7 ಪಟ್ಟು, ಹೆಂಗಸರಲ್ಲಿ 2.3 ಪಟ್ಟು. ಇದು ಸಾಧ್ಯತೆಗಳ ಅನುಪಾತ (ಪ್ರತಿ ಗುಂಪಲ್ಲೂ ಬೊಜ್ಜು ಇರೋರ ಸಂಖ್ಯೆನ ಇಲ್ಲದೋರ ಸಂಖ್ಯೆಯಿಂದ ಭಾಗಿಸಿ ಹೋಲಿಸೋದು), ಅಷ್ಟು ಪಟ್ಟು ಜನ ಅಂತ ಓದ್ಕೋಬಾರ್ದು, ಪೇಪರಿನೋರು ಹೆಡ್ಡಿಂಗ್ ಹಾಕುವಾಗ ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ.

ಹಾಗಂತ ನಿದ್ದೆ ಕಮ್ಮಿ ಆಗಿದ್ದಕ್ಕೇ ದಪ್ಪ ಆದ್ರು ಅಂತ ಇಷ್ಟರಿಂದ ಹೇಳೋಕೆ ಬರಲ್ಲ. ದಪ್ಪ ಆಗಿದ್ದಕ್ಕೇ ನಿದ್ದೆ ಕೆಟ್ಟಿರಬಹುದಲ್ಲ, ಮಂಡಿ ನೋವು, ಗೊರಕೆ, ಉಸಿರು ಕಟ್ಟೋದು, ಆಸಿಡಿಟಿ. ಆ ಅನುಮಾನ ಅಧ್ಯಯನ ಮಾಡಿದವರಿಗೂ ಬಂದಿತ್ತು, ಗೊರಕೆಯಲ್ಲಿ ಉಸಿರು ನಿಲ್ಲೋ ಕಾಯಿಲೆ, ನಿದ್ರಾಹೀನತೆ, ಹಗಲು ತೂಕಡಿಕೆ ಎಲ್ಲಾ ಲೆಕ್ಕಕ್ಕೆ ತಗೊಂಡು ನೋಡಿದ್ರೂ ಸಂಬಂಧ ಹೋಗ್ಲಿಲ್ಲ. ಆದ್ರೂ ಕೋಳಿ ಮೊದಲಾ ಮೊಟ್ಟೆ ಮೊದಲಾ ಅನ್ನೋದು ಅದ್ರಿಂದ ಬಗೆಹರಿಯಲ್ಲ, ಯಾಕಂದ್ರೆ ತೂಕ ನಿದ್ದೆ ಎರಡನ್ನೂ ಒಂದೇ ಕಾಲದಲ್ಲಿ ಅಳೆದಿದ್ದು.

ಹಸಿವಿನ ಲೆಕ್ಕ ಬೇರೆ ಕಡೆ ಸಿಗುತ್ತೆ. ಹೊಟ್ಟೆ ತುಂಬಿದೆ ಸಾಕು ಅಂತ ಮೆದುಳಿಗೆ ಹೇಳೋ ಹಾರ್ಮೋನ್ ಒಂದಿದೆ, ಲೆಪ್ಟಿನ್ ಅಂತ, ಕೊಬ್ಬಿನಿಂದ ಬರೋದು, 1994ರಲ್ಲಿ ಗೊತ್ತಾಯ್ತು. ಊಟ ಹಾಕು ಅಂತ ಕೂಗೋದು ಗ್ರೆಲಿನ್, ಜಠರದಿಂದ ಬರೋದು, ಜಪಾನಿನವರು 1999ರಲ್ಲಿ ಹುಡುಕಿದ್ರು. ಶಿಕಾಗೋ ವಿಶ್ವವಿದ್ಯಾಲಯದವರು 2004ರಲ್ಲಿ 12 ಜನ ಯುವಕರನ್ನ ಎರಡೆರಡು ರಾತ್ರಿ ಬರೀ ನಾಲ್ಕು ಗಂಟೆ ಮಲಗಿಸಿ, ಇನ್ನೊಂದು ಸಲ ಹತ್ತು ಗಂಟೆ ಮಲಗಿಸಿ ರಕ್ತ ಪರೀಕ್ಷೆ ಮಾಡಿದ್ರು. ನಿದ್ದೆ ಕಮ್ಮಿ ಆದಾಗ ಸಾಕು ಅನ್ನೋ ಲೆಪ್ಟಿನ್ 18 ಪರ್ಸೆಂಟ್ ಇಳಿದಿತ್ತು, ಹಾಕು ಅನ್ನೋ ಗ್ರೆಲಿನ್ 28 ಪರ್ಸೆಂಟ್ ಏರಿತ್ತು. ಅವರಿಗೂ ಆಸೆ ಆಗಿದ್ದು ಸೌತೆಕಾಯಿ ಮೇಲಲ್ಲ, ಸಿಹಿ ಮತ್ತು ಉಪ್ಪು ಖಾರದ ಕುರುಕಲಿನ ಮೇಲೆ. ಓದ್ತಾ ಓದ್ತಾ ನನಗೆ ನನ್ನ ನಿಪ್ಪಟ್ಟಿನ ಡಬ್ಬಿನೇ ಕಣ್ಮುಂದೆ ಬಂತು. 12 ಜನ ಅಂದ್ರೆ ಬಹಳ ಚಿಕ್ಕ ಲೆಕ್ಕ, ಅದೂ ಹುಡುಗರು, ನಮ್ಮಂಥ ಮುದುಕರಲ್ಲ, ಅದನ್ನ ಮರೆತಿಲ್ಲ. ಆದ್ರೆ 2022ರಲ್ಲಿ ಅದೇ ಊರಿಂದ ಬಂದ ಇನ್ನೊಂದರಲ್ಲಿ ಉಲ್ಟಾ ಮಾಡಿ ನೋಡಿದಾರೆ, ನಿದ್ದೆ ಕಮ್ಮಿ ಇರೋ ದಪ್ಪಗಿನ 80 ಜನರಲ್ಲಿ ಅರ್ಧ ಜನಕ್ಕೆ ಮಲಗೋ ಅಭ್ಯಾಸ ಸರಿ ಮಾಡ್ಕೊಳ್ಳೋದು ಹೇಗೆ ಅಂತ ಹೇಳ್ಕೊಟ್ರು, ಊಟದ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಅವರ ನಿದ್ದೆ ರಾತ್ರಿಗೆ 1.2 ಗಂಟೆ ಜಾಸ್ತಿ ಆಯ್ತು, ತಿನ್ನೋದು ಉಳಿದವರಿಗಿಂತ ದಿನಕ್ಕೆ ಸುಮಾರು 270 ಕ್ಯಾಲೊರಿ ಕಮ್ಮಿ ಆಯ್ತು. ಎರಡೂವರೆ ಚಪಾತಿ ಅಂದ್ಕೊಳ್ಳಿ. ಅವರೂ ನಲವತ್ತರ ಒಳಗಿನವರೇ ಬಿಡಿ.

ನಿಮ್ಮ ಆರೋಗ್ಯ ಪುಟದವರು ಮುಖ್ಯವಾಗಿ ಓದಬೇಕಾದ್ದು 2010ರ ಇನ್ನೊಂದು ಅಧ್ಯಯನ. ಹತ್ತೇ ಜನ, ಎಲ್ರಿಗೂ ಡಯಟ್ಟು, ಹದಿನಾಲ್ಕು ದಿನ ಎಂಟೂವರೆ ಗಂಟೆ ಹಾಸಿಗೆ, ಇನ್ನೊಂದು ಸಲ ಹದಿನಾಲ್ಕು ದಿನ ಐದೂವರೆ ಗಂಟೆ. ತೂಕ ಎರಡು ಸಲನೂ ಹೆಚ್ಚುಕಮ್ಮಿ ಮೂರು ಕೆ.ಜಿ. ಇಳೀತು. ತಕ್ಕಡಿ ಮಾತ್ರ ನೋಡಿದ್ರೆ ಏನೂ ವ್ಯತ್ಯಾಸ ಇಲ್ಲ. ಆದ್ರೆ ಚೆನ್ನಾಗಿ ಮಲಗಿದಾಗ ಕರಗಿದ ಕೊಬ್ಬು 1.4 ಕೆ.ಜಿ., ಕಮ್ಮಿ ಮಲಗಿದಾಗ ಬರೀ 0.6. ಮಿಕ್ಕಿದ್ದು ಎಲ್ಲಿಂದ ಹೋಯ್ತು? ಮಾಂಸಖಂಡದ ಕಡೆಯಿಂದ. ಮುದುಕರಿಗೆ ಇದು ತಮಾಷೆ ವಿಷಯ ಅಲ್ಲ. ಅರವತ್ತರ ಮೇಲೆ ಮಾಂಸಖಂಡ ತಾನಾಗೇ ಸೊರಗ್ತಾ ಇರುತ್ತೆ, ನೆಲದ ಮೇಲೆ ಕೂತವರು ಕೈ ಊರದೇ ಏಳೋಕಾಗಲ್ಲ, ಬಚ್ಚಲಲ್ಲಿ ಕಾಲು ಜಾರಿದ್ರೆ ತೊಡೆ ಸಂದಿನ ಮೂಳೆನೇ ಮುರಿಯುತ್ತೆ. ಅಂಥವರಿಗೆ ನಿದ್ದೆ ವಿಚಾರಿಸದೇ ಅನ್ನ ಬಿಡಿ ಅಂತ ಬರೆದ್ರೆ, ಅವರು ಬಿಟ್ಟು, ತೂಕನೂ ಇಳಿದು, ಪ್ಯಾಂಟ್ ಸಡಿಲ ಆಯ್ತು ಅಂತ ಖುಷಿಪಟ್ಟು, ಕಾಲಿನ ಶಕ್ತಿ ಕಳ್ಕೊಂಡು ಕೂತ್ರೆ ಯಾರು ಹೊಣೆ?

ಇನ್ನು ನನ್ನ ಮೂತ್ರದ ವಿಷಯ. ನಾಚಿಕೆ ಬಿಟ್ಟು ಬರೀತೀನಿ ಯಾಕಂದ್ರೆ ಇದೇ ಅಸಲು ಗಂಟು. ಮೂರು ವರ್ಷದಿಂದ ಬಿಪಿಗೆ ಎರಡು ಮಾತ್ರೆ ತಗೋತಿದ್ದೆ, ಅದ್ರಲ್ಲಿ ಒಂದು ಮೈಯಲ್ಲಿರೋ ನೀರನ್ನ ಮೂತ್ರದಲ್ಲಿ ಹೊರಗೆ ಹಾಕೋ ಮಾತ್ರೆ. ಡಾಕ್ಟ್ರ ಚೀಟಿಯಲ್ಲಿ ಅದರ ಮುಂದೆ 1-0-0 ಅಂತಲೇ ಇತ್ತು, ಅಂದ್ರೆ ಬೆಳಿಗ್ಗೆ. ಮಾತ್ರೆ ಕೊಟ್ಟವರು ಕವರ್ ಮೇಲೆ 0-0-1 ಅಂತ ಬರೆದುಬಿಟ್ಟಿದ್ರು. ನಾನು ಕವರ್ ನೋಡ್ಕೊಂಡು ಮೂರು ವರ್ಷ ರಾತ್ರಿ ಊಟ ಆದ್ಮೇಲೆ ನುಂಗಿ, ಮೇಲೆ ಒಂದು ಚೊಂಬು ನೀರು ಕುಡಿದು ಮಲಗ್ತಿದ್ದೆ. ಸಾವಿರಾರು ಹುಡುಗರ ಉತ್ತರ ಪತ್ರಿಕೇಲಿ ಒಂದು ಸೊನ್ನೆ ಹೆಚ್ಚುಕಮ್ಮಿ ಆದ್ರೆ ಕೆಂಪು ಇಂಕಲ್ಲಿ ಸುತ್ತು ಹಾಕ್ತಿದ್ದವನು ಸ್ವಂತ ಮಾತ್ರೆಯ ಸೊನ್ನೆ ನೋಡ್ಕೊಳ್ಳಲಿಲ್ಲ. ಡಾಕ್ಟ್ರು ಚೀಟಿ, ಕವರ್ ಎರಡೂ ಪಕ್ಕಪಕ್ಕ ಇಟ್ಟು ನೋಡಿ ಹಣೆ ಹಣೆ ಚಚ್ಕೊಂಡ್ರು. ಬೆಳಿಗ್ಗೆಗೆ ಬದಲಾಯಿಸಿದ ನಾಲ್ಕೇ ದಿನಕ್ಕೆ ರಾತ್ರಿ ಏಳೋದು ಒಂದೇ ಸಲಕ್ಕೆ ಬಂತು. (ಎಲ್ಲಾ ಬಿಪಿ ಮಾತ್ರೆನೂ ಬೆಳಿಗ್ಗೆನೇ ಅಂತಲ್ಲ, ನೀವೇ ಬದಲಾಯಿಸ್ಕೋಬೇಡಿ, ಡಾಕ್ಟ್ರನ್ನ ಕೇಳಿ. ಪ್ರಾಸ್ಟೇಟ್, ಶುಗರ್, ಉಸಿರು ಕಟ್ಟೋ ಗೊರಕೆ ಇದ್ರೂ ರಾತ್ರಿ ಪದೇಪದೇ ಮೂತ್ರ ಬರುತ್ತೆ, ಅದನ್ನೂ ತೋರಿಸ್ಕೊಳ್ಳಿ.)

ಮಿಕ್ಕಿದ್ದು ಸಣ್ಣಪುಟ್ಟ. ಮಧ್ಯಾಹ್ನದ ಎರಡು ಗಂಟೆ ನಿದ್ದೆನ ಅರ್ಧ ಗಂಟೆಗೆ ಇಳಿಸಿದೆ. ಸಂಜೆ ಆರೂವರೆ ಕಾಫಿ ಬಿಟ್ಟೆ, ಬಹಳ ಕಷ್ಟ ಆಯ್ತು. ಮೊಬೈಲ್ ಹಾಲಲ್ಲೇ ಚಾರ್ಜಿಗೆ ಹಾಕಿ ಬರ್ತೀನಿ. ರಾತ್ರಿ ಊಟಕ್ಕೆ ಒಂದು ಹಿಡಿ ಅನ್ನ ಬೇಳೆ ಮತ್ತೆ ಶುರು ಮಾಡಿದೆ, ಹೊಟ್ಟೆ ಹಸಿದ್ಕೊಂಡು ಮಲಗಿದ್ರೆ ನಿದ್ದೆ ಎಲ್ಲಿಂದ ಬರ್ಬೇಕು. ಈಗ ವಾಚಿನ ಸರಾಸರಿ 6 ಗಂಟೆ 20 ನಿಮಿಷ. 65 ದಾಟಿದವರಿಗೆ ಏಳರಿಂದ ಎಂಟು ಬೇಕು ಅಂತಾರೆ, ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಹತ್ತು ತಿಂಗಳಲ್ಲಿ ತೂಕ ಮೂರೂವರೆ ಕೆ.ಜಿ. ಇಳಿದಿದೆ, ವಾಕಿಂಗ್ ಅಷ್ಟೇ ಇದೆ. ಡಬ್ಬಿ ಹತ್ರ ಹೋಗೋದು ನಾನು ಹಟ ಮಾಡಿ ಬಿಟ್ಟಿದ್ದಲ್ಲ, ಆ ಹೊತ್ತಿಗೆ ಎಚ್ಚರನೇ ಆಗಲ್ಲ. ಒಬ್ಬನ ಲೆಕ್ಕದಿಂದ ಪ್ರಮೇಯ ಸಾಧಿಸಿದ ಹಾಗಾಗಲ್ಲ, ಗೊತ್ತು.

ನಮ್ಮ ವಾಕಿಂಗ್ ಗುಂಪಲ್ಲಿ ಇನ್ನೊಬ್ರಿದ್ದಾರೆ, ಕತ್ತು ದಪ್ಪ, ಕಟ್ಟೆ ಮೇಲೆ ಕೂತು ಮಾತಾಡ್ತಾ ಮಾತಾಡ್ತಾನೇ ತೂಕಡಿಸ್ತಾರೆ. ಎಲ್ರೂ ಪುಣ್ಯವಂತ, ಕೂತಲ್ಲೇ ನಿದ್ದೆ ಅಂತಿದ್ವಿ. ಅವರ ಮನೆಯವರು ಹೇಳಿದ್ರು, ರಾತ್ರಿ ಗೊರಕೆ ಮಧ್ಯೆ ಉಸಿರೇ ನಿಂತುಹೋಗುತ್ತೆ, ಹೆದರಿಕೊಂಡು ನಾನೇ ಅಲುಗಾಡಿಸ್ತೀನಿ ಅಂತ. ಬಲವಂತ ಮಾಡಿ ಕಳಿಸಿದ್ವಿ, ಒಂದು ರಾತ್ರಿ ಮೈತುಂಬಾ ವೈರ್ ಹಾಕಿ ಪರೀಕ್ಷೆ ಮಾಡಿ ಗಾಳಿ ಒತ್ತೋ ಮಾಸ್ಕ್ ಕೊಟ್ಟಿದಾರೆ. ಎಂಟು ಗಂಟೆ ಮಲಗೋ ಮನುಷ್ಯನಿಗೆ ಒಂದು ಗಂಟೆ ನಿದ್ದೆನೂ ನೆಟ್ಟಗೆ ಆಗ್ತಿರ್ಲಿಲ್ಲ. ಹಂಗೇ ಒಂಬತ್ತು ಹತ್ತು ಗಂಟೆ ಮಲಗೋ ಅಜ್ಜ ಅಜ್ಜಿಯರು ಇರ್ತಾರಲ್ಲ, ಅದೂ ಒಳ್ಳೇದೇ ಅಂತಲ್ಲ, ಥೈರಾಯ್ಡ್, ಮನಸ್ಸಿನ ಖಿನ್ನತೆ, ಬೇರೆ ಕಾಯಿಲೆ ಒಳಗೆ ಇರಬಹುದು.

ನಿದ್ದೆ ಬರಲ್ಲ ಅಂದ ತಕ್ಷಣ ಮಾತ್ರೆಗೆ ಹೋಗೋದು ಇನ್ನೊಂದು ರೋಗ. ಆಲ್ಪ್ರಾಜೋಲಾಮ್ ಅಂತ ಸಣ್ಣ ಮಾತ್ರೆ, ಡಾಕ್ಟ್ರ ಚೀಟಿ ಇಲ್ಲದೇ ಮಾರೋ ಹಾಗೇ ಇಲ್ಲ, ಆದ್ರೂ ಎಷ್ಟೋ ಮನೆಗಳಲ್ಲಿ ಅಜ್ಜಿ ದಿಂಬಿನ ಕೆಳಗೆ ಇರುತ್ತೆ. ವಯಸ್ಸಾದವರು ಇದನ್ನ ತಗೊಂಡು ರಾತ್ರಿ ಬಚ್ಚಲಿಗೆ ಎದ್ದಾಗ ಓಲಾಡಿ ಬೀಳ್ತಾರೆ, ಅದಕ್ಕೇ ಹಿರಿಯರಿಗೆ ಆದಷ್ಟು ಕೊಡಬೇಡಿ ಅನ್ನೋದು. ತಗೋತಾ ಇರೋರು ಒಮ್ಮೆಲೇ ನಿಲ್ಲಿಸೋದೂ ತಪ್ಪು, ಡಾಕ್ಟ್ರು ಹೇಳಿದ ಹಾಗೆ ನಿಧಾನವಾಗಿ ಬಿಡಬೇಕು.

ಎಲ್ಲಾ ನಮ್ಮ ಕೈಲೇ ಇಲ್ಲ ಅನ್ನೋದೂ ನಿಜ. ನನ್ನ ಜೊತೆ ಓದಿದ ಒಬ್ಬ ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಒಂದರ ವಾಚ್‌ಮನ್, 66 ವರ್ಷ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು, ಎಚ್ಚರ ಇರೋಕೆ ಟೀ ಬನ್ನು ಟೀ ಬನ್ನು, ಹಗಲು ಶೀಟ್ ಮನೆಯಲ್ಲಿ ಸೆಕೆಗೆ ಕಣ್ಣು ಮುಚ್ಚಲ್ಲ, ಅವನಿಗೆ ಏಳು ಗಂಟೆ ಮಲಗಪ್ಪ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಎಷ್ಟೋ ಊರುಗಳಲ್ಲಿ ನಲ್ಲಿ ನೀರು ಬರೋದೇ ನಡುರಾತ್ರಿ, ಎದ್ದು ಹಿಡಿಯೋದು ಮನೆಯ ಹಿರಿ ಹೆಂಗಸು. ನಮ್ಮ ಬೀದಿ ಕೊನೆಯ ಕಲ್ಯಾಣ ಮಂಟಪದ ಆರ್ಕೆಸ್ಟ್ರಾ ಹನ್ನೊಂದೂವರೆಗೂ ನಿಲ್ಲಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರು, ಜನ ವಾಸ ಮಾಡೋ ಕಡೆ 45 ಡೆಸಿಬಲ್ ದಾಟಬಾರ್ದು ಅಂತ 2000ನೇ ಇಸವಿಯಿಂದ ರೂಲ್ಸ್ ಇದೆ, ನೆನಪು ಮಾಡಿದ್ರೆ "ವರ್ಷಕ್ಕೊಂದ್ಸಲ ಮದುವೆ ಮೇಷ್ಟ್ರೇ" ಅಂತಾರೆ. ಅವರಿಗೆ ವರ್ಷಕ್ಕೊಂದು, ನಮಗೆ ವಾರಕ್ಕೆ ಮೂರು.

ನಾನು ಕೇಳೋದು ದೊಡ್ಡದೇನಲ್ಲ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದ ಎಲ್ರ ಹತ್ರ ಒಂದು ಫಾರಂ ತುಂಬಿಸ್ತಾರೆ, ಬಿಪಿ ಶುಗರ್ ಥರದ ಕಾಯಿಲೆಗೆ. ಅದರ ಮೊದಲ ಭಾಗದಲ್ಲಿ ಆರು ಪ್ರಶ್ನೆ: ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆಯಲ್ಲಿ ಯಾರಿಗಾದ್ರೂ ಈ ಕಾಯಿಲೆ ಇದ್ಯಾ ಅನ್ನೋದು. ಒಟ್ಟು ಅಂಕ ನಾಲ್ಕು ದಾಟಿದ್ರೆ ತಪಾಸಣೆಗೆ ಮೊದಲು ಕರೀತಾರೆ. ನಮ್ಮನೆಗೂ ಬಂದಿದ್ರು, ಟೇಪ್ ಹಿಡಿದು ನನ್ನ ಸೊಂಟ ಸುತ್ತಿ ಬರ್ಕೊಂಡ್ರು. "ನಿದ್ದೆನೂ ಬರ್ಕೊಳ್ಳಮ್ಮ, ರಾತ್ರಿ ಎಷ್ಟು ಸಲ ಎದ್ದೇಳ್ತಾರೆ ಅಂತನೂ" ಅಂದೆ. ಫಾರಂ ಹಿಂದೆ ಮುಂದೆ ತಿರುಗಿಸಿ ನೋಡಿದ್ರು, "ಅದಕ್ಕೆ ಜಾಗ ಕೊಟ್ಟಿಲ್ಲ ಸರ್" ಅಂದ್ರು. ಏಳನೇ ಪ್ರಶ್ನೆಯಾಗಿ ಅದೊಂದು ಸೇರಲಿ. ನಿಮ್ಮ ಆರೋಗ್ಯ ಪುಟದಲ್ಲಿ ಬರೆಯೋ ಡಾಕ್ಟ್ರುಗಳೂ ಮುಂದಿನ ಸಲ ಮೆಂತ್ಯ ನೀರಿಗಿಂತ ಮೊದಲು ಅದನ್ನ ಕೇಳ್ಲಿ.

ಪತ್ರ ಉದ್ದ ಆಯ್ತು, ಜಾಗ ಸಾಲದಿದ್ರೆ ಶಿಕಾಗೋನೂ ಮಂಡಕ್ಕಿನೂ ಕತ್ತರಿಸಿ ಹಾಕಿ, ಆ 1-0-0, 0-0-1 ವಿಷಯ ಮಾತ್ರ ಬಿಡಬೇಡಿ. ಇದನ್ನ ಓದೋರು ಇವತ್ತು ರಾತ್ರಿ ಮಾತ್ರೆ ನುಂಗೋ ಮುಂಚೆ ಮನೆಯ ಹಿರಿಯರ ಕವರ್ರನ್ನ ಚೀಟಿ ಜೊತೆ ಒಂದ್ಸಲ ಹೋಲಿಸಿ ನೋಡ್ಲಿ.

ಇಂತಿ,
ಒಬ್ಬ ನಿವೃತ್ತ ಲೆಕ್ಕದ ಮೇಷ್ಟ್ರು
ದಾವಣಗೆರೆ ಜಿಲ್ಲೆ